ಬೆಲ್ಲಿ ಅಂದರೆ ತಪ್ಪೇನು?

ನಿನ್ನೆ ಮಗಳು ಸ್ಕೂಲಿಂದ ಬಂದವಳೇ, "ಅಮ್ಮಾ, ಬೆಲ್ಲಿ ಅನ್ನಬಾರದಂತೆ. ಅದು ಒರಟು ಮಾತಂತೆ. ಸ್ಟಮಕ್ ಅನ್ನಬೇಕಂತೆ" ಅಂದಳು. ಮುಖ ಸಣ್ಣದಾಗಿತ್ತು. ಪಾಪ, ಹೊಟ್ಟೆನೋವು ಅಂತ ಹೇಳಲು ಹೋಗಿ ಬೈಸಿಕೊಂಡು ಬಂದಿದ್ದಳು. ನನಗೆ ತುಂಬಾ ಬೇಜಾರಾಯಿತು.

ಬೆಲ್ಲಿ ಅಂದರೆ ಮೊದಲಿಗೆ ಹೊಟ್ಟೆಯೇ ಅಲ್ಲ, ಚೀಲ. ಸುಮಾರು 1000 ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಅದು 'ಬೆಲ್ಗ್', ಅಂದರೆ ತೊಗಲಿನ ಚೀಲ. ಉಬ್ಬುವುದು ಅನ್ನುವ ಅರ್ಥದ ಬೇರಿನಿಂದ ಹುಟ್ಟಿದ್ದು. ಕಮ್ಮಾರರ ತಿದಿಗೆ ಇಂಗ್ಲಿಷಿನಲ್ಲಿ ಬೆಲ್ಲೋಸ್ ಅನ್ನುತ್ತಾರಲ್ವಾ, ಅದೂ ಇದೇ ಪದ! ಚಿಕ್ಕವಳಿದ್ದಾಗ ನಮ್ಮೂರ ಕುಲುಮೆ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದೆ. ತಿದಿ ಒತ್ತಿದಾಗ ತೊಗಲು ಉಸ್ ಅಂತ ಇಳಿಯುತ್ತಿತ್ತು, ಇದ್ದಿಲು ಕೆಂಪಗೆ ಕಣ್ಣು ಬಿಡುತ್ತಿತ್ತು, ಮತ್ತೆ ತೊಗಲು ಉಬ್ಬುತ್ತಿತ್ತು. ಮಲಗಿದ ಮಗುವಿನ ಹೊಟ್ಟೆ ಥೇಟ್ ಹಾಗೇ ಏರಿ ಇಳಿಯುತ್ತದೆ. ಗಾಳಿ ತುಂಬಿದ ಹಾಯಿಯ ಉಬ್ಬೂ ಬೆಲ್ಲಿ, ಪಿಟೀಲಿನ ಮೇಲುಹಲಗೆಯೂ ಬೆಲ್ಲಿ. ಅಷ್ಟೇ ಯಾಕೆ, ನಮ್ಮ ಬಜೆಟ್ ಕೂಡ ಫ್ರೆಂಚಿನ ಪುಟ್ಟ ತೊಗಲು ಚೀಲದಿಂದ ಬಂದದ್ದು, ಬೆಲ್ಲಿಗೆ ದೂರದ ನೆಂಟ.

ಹಾಗಾದರೆ ಆಗ ಹೊಟ್ಟೆಗೆ ಏನನ್ನುತ್ತಿದ್ದರು? 'ವಾಂಬ್'. ಈಗ ಗರ್ಭಕೋಶಕ್ಕೆ ಮಾತ್ರ ಉಳಿದಿರುವ ವೂಮ್ ಅದೇ. ಆಗ ಗಂಡಸಿನ ಹೊಟ್ಟೆಗೂ ಅದೇ ಪದ. ಇಂಗ್ಲಿಷ್ ಎರಡನ್ನೂ ಬೇರೆ ಮಾಡಿಕೊಂಡಿತು. ನಾವು ಮಾಡಲಿಲ್ಲ. ಅನ್ನವೂ ಹೊಟ್ಟೆಗೇ, ಮಗುವೂ ಹೊಟ್ಟೆಯಲ್ಲೇ.

ಇನ್ನು ಆ ಸ್ಟಮಕ್. ಗ್ರೀಕಿನಲ್ಲಿ 'ಸ್ಟೋಮ' ಅಂದರೆ ಬಾಯಿ. ಅದರಿಂದಾದ ಪದ ಮೊದಲು ಗಂಟಲಿಗೆ ಸಲ್ಲುತ್ತಿತ್ತು, ಆಮೇಲೆ ಕೆಳಗಿಳಿದು ಜಠರವಾಯಿತು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರಿಗೆ ಬೆಲ್ಲಿ ಅನ್ನಲು ನಾಚಿಕೆಯಾಯಿತು. ಸ್ಟಮಕ್ ಅನ್ನತೊಡಗಿದರು. ಮಕ್ಕಳ ಬಾಯಲ್ಲಿ ಅದು ಟಮ್ಮಿಯಾಯಿತು. ಅವರ ಆ ನಾಚಿಕೆಯನ್ನು ನಮ್ಮ ಮಕ್ಕಳು ಯಾಕೆ ಹೊರಬೇಕು?

ಕನ್ನಡಕ್ಕೂ ಇದೇ ಗತಿ ಬರುತ್ತಿದೆ, ಅದೇ ನನಗೆ ಜಾಸ್ತಿ ನೋವು. ಹೊಟ್ಟೆ ನೋಯ್ತಿದೆ ಅನ್ನಲು ಸಂಕೋಚಪಟ್ಟು ಸ್ಟಮಕ್ ಪೇನ್ ಅನ್ನುವವರನ್ನು ದಿನಾ ನೋಡುತ್ತೇನೆ. ಹೊಟ್ಟೆಪಾಡು, ಹೊಟ್ಟೆಕಿಚ್ಚು ಇವನ್ನೆಲ್ಲ ಯಾವ ಸ್ಟಮಕ್ಕಿನಲ್ಲಿ ಹೇಳುತ್ತೀರಿ? ತಪ್ಪಾಯ್ತು ಅನ್ನಲು ನಮ್ಮಜ್ಜಿ "ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುತ್ತಿದ್ದರು. ಇನ್ನೊಬ್ಬರ ತಪ್ಪನ್ನೂ ಒಳಗಿಟ್ಟುಕೊಳ್ಳುವಷ್ಟು ದೊಡ್ಡ ಚೀಲ ಅದು.

ಮಗಳಿಗೆ ಓಂಕಾಳು, ಉಪ್ಪು ಅಗಿಯಲು ಕೊಟ್ಟು ತಿದಿಯ ಕಥೆ ಹೇಳಿದೆ. ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, ಉಸಿರೆಳೆದು, ಉಸ್ ಅಂತ ಬಿಟ್ಟಳು.