ಹೆಡ್‌ಫೋನ್ ಸಲಹೆಯ ಮಿತಿ

ಕೆಲಸದ ನಡುವೆ ಬಂದು ಮಾತನಾಡಿಸುವ ಸಹೋದ್ಯೋಗಿಗಳನ್ನು ನಿಭಾಯಿಸಲು ಹೆಡ್‌ಫೋನ್ ಧರಿಸಿ, 'ಆಮೇಲೆ ಬನ್ನಿ' ಎನ್ನಲು ಕಲಿಯಿರಿ ಎಂದು ಕಚೇರಿಯ ಅಡ್ಡಿಗಳ ಕುರಿತು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಸೂಚಿಸಿದ್ದಾರೆ. ಸ್ವಂತ ಮೇಜು ಮತ್ತು ಸ್ವಂತ ವೇಳಾಪಟ್ಟಿ ಇರುವವರಿಗೆ ಇದು ಸರಿಯೇ. ಆದರೆ ವಾರ್ಡಿನಲ್ಲಿ ಔಷಧ ಅಳೆಯುತ್ತಿರುವ ನರ್ಸ್ ಹಾಗೆ ಹೇಳಲಾರರು. ಸಿಡ್ನಿಯ ಎರಡು ಬೋಧನಾ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು, ಔಷಧ ಕೊಡುವ ಹೊತ್ತಿನಲ್ಲಿ ಅಡ್ಡಿಗಳು ಹೆಚ್ಚಿದಂತೆ ತಪ್ಪುಗಳೂ ಅವುಗಳ ಗಂಭೀರತೆಯೂ ಹೆಚ್ಚುತ್ತವೆ ಎಂಬುದನ್ನು ತೋರಿಸಿತು. ಇಂಥಲ್ಲಿ ನಿಯಮವನ್ನು ಸಂಸ್ಥೆಯೇ ರೂಪಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಮಾನಯಾನದಲ್ಲಿ ಇದು ಆಗಿದೆ: ಟೇಕಾಫ್, ಲ್ಯಾಂಡಿಂಗ್ ಹಾಗೂ ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗಿನ ಹಾರಾಟದ ವೇಳೆ ಕಾಕ್‌ಪಿಟ್‌ನಲ್ಲಿ ಸುರಕ್ಷತೆಗೆ ಸಂಬಂಧವಿಲ್ಲದ ಮಾತುಕತೆಯನ್ನು ಅಮೆರಿಕ 1981ರಲ್ಲೇ ನಿಷೇಧಿಸಿತು, ಅಲ್ಲಿ ಯಾರೂ ಪೈಲಟ್‌ನನ್ನು ಒರಟನೆಂದು ಭಾವಿಸುವುದಿಲ್ಲ.

ಸಾಮಾನ್ಯ ಕಚೇರಿಗಳಲ್ಲಿ ಅಡ್ಡಿಯನ್ನು ಪೂರ್ತಿ ತಡೆಯುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ, ಏಕೆಂದರೆ ಹೊಸಬರು ಕಲಿಯುವುದೇ ಪಕ್ಕದವರನ್ನು ಕೇಳಿ. ಅಲ್ಲಿ ಸಂಶೋಧಕಿ ಸೋಫಿ ಲೆರಾಯ್ ಅವರು ಪರೀಕ್ಷಿಸಿದ ವಿಧಾನ ಉಪಯುಕ್ತ: ಬಂದವರತ್ತ ತಿರುಗುವ ಮುನ್ನ, ಕೈಯಲ್ಲಿರುವ ಕೆಲಸ ಎಲ್ಲಿಗೆ ನಿಂತಿದೆ, ಮರಳಿದಾಗ ಮೊದಲು ಏನು ಮಾಡಬೇಕು ಎಂಬುದನ್ನು ಚುಟುಕಾಗಿ ಬರೆದಿಡುವುದು. ಹಾಗೆ ಮಾಡಿದವರ ಮನಸ್ಸು ಬಿಟ್ಟ ಕೆಲಸದಲ್ಲೇ ಸಿಕ್ಕಿಕೊಳ್ಳುವುದು ಕಡಿಮೆಯಾಗಿ, ಎದುರಿನವರ ಪ್ರಶ್ನೆಗೂ ಹೆಚ್ಚು ಗಮನ ಸಿಗುತ್ತದೆ. ಬಂದವರು ಆ ಅರ್ಧ ನಿಮಿಷ ಕಾಯುವುದನ್ನು ತಂಡದ ಮುಖ್ಯಸ್ಥರು ಮೊದಲು ತಾವೇ ರೂಢಿಸಿಕೊಳ್ಳಲಿ. ಹೆಚ್ಚಿನ ಅಡ್ಡಿಗಳು ಅವರಿಂದಲೇ ಬರುವ ಕಚೇರಿಗಳೂ ಇವೆ.