ಮೆಹಂದಿ ಜತೆಗೊಂದು ಕೆನ್ನೆಮೂಳೆ

ಮದುವೆ ಸೀಸನ್ ಬಂತೆಂದರೆ ಬೆಂಗಳೂರಿನ ಪಾರ್ಲರ್‌ಗಳ ದರಪಟ್ಟಿಯೂ ಉದ್ದವಾಗುತ್ತದೆ. ಹುಬ್ಬು, ಫೇಶಿಯಲ್, ಮೆಹಂದಿಯ ಸಾಲಿಗೆ ಈಗ ‘ಚೀಕ್ ಲಿಫ್ಟ್’, ಅಂದರೆ ಜೆಲ್ ಚುಚ್ಚಿ ಕೆನ್ನೆಮೂಳೆ ಉಬ್ಬಿಸುವುದು ಕೂಡ ಸೇರಿದೆ. ಊಟದ ಬಿಡುವಿನಲ್ಲಿ ಮುಗಿಯುತ್ತದಂತೆ. ಹೆತ್ತವರು ಕೊಟ್ಟು ಕಳಿಸಿದ ಮೂಳೆ ಮಂಟಪಕ್ಕೆ ಸಾಲದು ಅಂತ ನಿರ್ಧಾರವಾಗಿದೆ.

ಒಳಗೆ ಹೋಗುವುದು ಹೈಯಲುರಾನಿಕ್ ಆಮ್ಲದ ಜೆಲ್; ಹೀಗೆ ತುಂಬುವ ವಸ್ತುವಿಗೆ ಫಿಲ್ಲರ್ ಎನ್ನುತ್ತಾರೆ. ಒಂದು ಸಿರಿಂಜ್ ಎಂದರೆ 1 ಮಿಲಿ, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಬೆಲೆ ಮಾತ್ರ ಇಪ್ಪತ್ತು ಸಾವಿರದ ಆಸುಪಾಸಿನಿಂದ ಶುರು. ಜೆಲ್ಲನ್ನು ಮೂಳೆಯ ಮೇಲೆಯೇ, ಆಳದಲ್ಲಿ, ಚೂರುಚೂರಾಗಿ ಕೂರಿಸಬೇಕು. ವರ್ಷ, ಒಂದೂವರೆ ವರ್ಷಕ್ಕೆ ಉಬ್ಬು ಇಳಿಯುತ್ತದೆ. ಅಷ್ಟರಲ್ಲಿ ಇಎಂಐ ಮುಗಿದಿದ್ದರೆ ಪುಣ್ಯ. ‘ಇನ್ನೊಂದು ಸಿರಿಂಜ್ ಹಾಕಿಬಿಡಿ’ ಎಂದವರು ನಕ್ಕಾಗ ಕೆನ್ನೆ ಮೇಲೇರಿ ಕಣ್ಣೇ ಮುಚ್ಚಿಹೋಗುತ್ತದೆ. ಆಲ್ಬಮ್ಮಿನಲ್ಲಿ ವಧು ನಿದ್ದೆ ಮಾಡುತ್ತಿರುವಂತೆ ಕಾಣುತ್ತಾಳೆ.

ಸೂಜಿಯ ಜೆಲ್ ರಕ್ತನಾಳಕ್ಕೆ ಹೊಕ್ಕರೆ ಕಥೆಯೇ ಬೇರೆ. ಚರ್ಮ ತಟ್ಟನೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆಬಲೆಯಾಗಿ ನೀಲಿಗಟ್ಟುತ್ತದೆ, ನೋವೂ ಬರಬಹುದು. ಕೂಡಲೇ ಹೈಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಜೆಲ್ ಕರಗಿಸದಿದ್ದರೆ ಚರ್ಮ ಕೊಳೆಯಬಹುದು. ಮುಖದ ನಾಳಗಳಿಗೂ ಕಣ್ಣಿನ ನಾಳಕ್ಕೂ ಸಂಪರ್ಕವಿದೆ. ಜೆಲ್ ಹಿಮ್ಮುಖವಾಗಿ ಅಲ್ಲಿಗೆ ನುಗ್ಗಿದರೆ ನಿಮಿಷಗಳಲ್ಲಿ ದೃಷ್ಟಿ ಹೋಗಬಹುದು, ಮರಳುವುದು ಅಪರೂಪ. ಹೀಗಾಗುವುದು ಬಹಳ ವಿರಳ, ನಿಜ. ಆದರೆ ಪಾರ್ಲರಿನಲ್ಲಿ ಇದಕ್ಕಿರುವ ಚಿಕಿತ್ಸೆ ಐಸ್ ಗಡ್ಡೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಬಗೆಯ ಫಿಲ್ಲರ್ ಹಾಕಿದ್ದರಂತೂ ಹೈಯಲುರಾನಿಡೇಸ್‌ಗೆ ಅದನ್ನು ಕರಗಿಸಲಾಗದು. ಸೂಜಿಯೇ ಬೇಡವೆಂದು ಒತ್ತಡದಲ್ಲಿ ಜೆಲ್ ತೂರಿಸುವ ‘ಪೆನ್’ ಬೇರೆ ಬಂದಿದೆ. ಅದನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಆನ್‌ಲೈನ್ ಅಂಗಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

‘ಶಾಶ್ವತ’ ಬೇಕೆನ್ನುವವರಿಗೆ ಇಂಪ್ಲಾಂಟ್. ಮೇಲ್ದುಟಿಯ ಒಳಗೆ, ಒಸಡಿನ ಮೇಲೆ ಕೊಯ್ದು, ಮೂಳೆಯ ಪೊರೆಯಡಿ ಜೇಬು ಮಾಡಿ ಸಿಲಿಕೋನ್ ಅಥವಾ ರಂಧ್ರಭರಿತ ಪಾಲಿಎಥಿಲೀನ್ ತುಂಡನ್ನು ಇಡುತ್ತಾರೆ. ಸ್ಕ್ರೂ ಹಾಕದಿದ್ದರೆ ಜಾರಬಹುದು. ಆಗ ಒಂದು ಕೆನ್ನೆ ಬಲಕ್ಕೆ, ಇನ್ನೊಂದು ಇಷ್ಟಬಂದ ಕಡೆಗೆ. ಕಣ್ಣಿನ ಕೆಳಗೆ ಹೊರಬರುವ ನರಕ್ಕೆ ಪೆಟ್ಟಾದರೆ ತುಟಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು: ಹೋಳಿಗೆ ತಿಂದದ್ದು ಗೊತ್ತಾಗುತ್ತದೆ, ತುಟಿಯಲ್ಲಿ ತುಪ್ಪ ಸುರಿದದ್ದು ಗೊತ್ತಾಗುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಒಳಹೊಕ್ಕರೆ ತುಂಡನ್ನೇ ತೆಗೆಯಬೇಕಾದೀತು. ಪಾಲಿಎಥಿಲೀನ್‌ನ ರಂಧ್ರಗಳಲ್ಲಿ ಮಾಂಸ ಬೆಳೆದಿರುವುದರಿಂದ ಅದು ಸುಲಭಕ್ಕೆ ಬಿಟ್ಟುಕೊಡದು. ಹೊಟ್ಟೆಯ ಕೊಬ್ಬನ್ನೇ ಕೆನ್ನೆಗೆ ತುಂಬಿಸಿಕೊಳ್ಳುವ ಮಿತವ್ಯಯಿಗಳೂ ಇದ್ದಾರೆ. ಅದರಲ್ಲಿ ಒಂದು ಪಾಲು ಕರಗಿಯೇ ಹೋಗುತ್ತದೆ.

ಇನ್ನು ಕೆಲವರು ಕೆನ್ನೆಯೊಳಗಿನ ಕೊಬ್ಬಿನ ಗಂಟನ್ನೇ ತೆಗೆಸಿ ಮೂಳೆ ಎದ್ದು ಕಾಣುವಂತೆ ಮಾಡಿಕೊಳ್ಳುತ್ತಾರೆ. ವಯಸ್ಸಾದಂತೆ ಕೆನ್ನೆ ಗುಳಿ ಬೀಳುತ್ತದೆ, ಆಗ ಅದೇ ಜಾಗಕ್ಕೆ ಫಿಲ್ಲರ್. ತೆಗೆಯಲು ಒಂದು ಬಿಲ್, ತುಂಬಲು ಇನ್ನೊಂದು. ಅತ್ತ ದಕ್ಷಿಣ ಕೊರಿಯಾದಲ್ಲಿ ಕೆನ್ನೆಮೂಳೆ ದೊಡ್ಡದಾಯಿತೆಂದು ಕತ್ತರಿಸಿ ಒಳಕ್ಕೆ ಸರಿಸಿಕೊಳ್ಳುವವರಿದ್ದಾರೆ. ಮಿಕ್ಕ ಚೂರನ್ನು ಇಲ್ಲಿಗೆ ಪಾರ್ಸೆಲ್ ಮಾಡುವ ಸ್ಟಾರ್ಟಪ್ ಯಾಕೋ ಇನ್ನೂ ಹುಟ್ಟಿಲ್ಲ.

ಫಿಲ್ಲರ್ ಮಾಡಿಸಿಯೇ ತೀರುವವರು ಮುಹೂರ್ತಕ್ಕೆ ಒಂದು ತಿಂಗಳು ಮೊದಲಾದರೂ ಚರ್ಮವೈದ್ಯರ ಅಥವಾ ಪ್ಲಾಸ್ಟಿಕ್ ಸರ್ಜನ್ನರ ಬಳಿ ಹೋಗಲಿ. ಬಾವು, ನೀಲಿಗಟ್ಟಿದ್ದು ಇಳಿಯಲು ಸಮಯ ಬೇಕು. ಇಲ್ಲ, ಪಾರ್ಲರೇ ಸಾಕು ಎನ್ನುವವರು ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಲಿ: ‘ಹೈಯಲುರಾನಿಡೇಸ್ ಇಟ್ಟಿದ್ದೀರಾ?’

‘ಅದು ಈ ಪ್ಯಾಕೇಜಲ್ಲಿ ಬರಲ್ಲ ಮೇಡಂ. ಪೆಡಿಕ್ಯೂರ್ ಫ್ರೀ ಇದೆ.’