ಹಳೆಯ ಕಲ್ಲು ಓದಿದರೆ ಹೊಟ್ಟೆ ತುಂಬುವುದೇ?

ನಿನ್ನೆ ಬಾಗಲಕೋಟೆಯಲ್ಲಿ ಕುಬಸದ ಊಟಕ್ಕೆ ಕುಳಿತಿದ್ದಾಗ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಮುಂದೆ ಪುರಾತತ್ತ್ವ ಮತ್ತು ಮಾನವಶಾಸ್ತ್ರ ಓದುತ್ತೇನೆ ಎಂದಳು. ಅವಳ ಕಾಕಾ, "ಹಳೇ ಕಲ್ಲ ಓದಿದ್ರ ಹೊಟ್ಟಿ ತುಂಬತೈತೇನವಾ?" ಎಂದರು. ಪಂಕ್ತಿಯೆಲ್ಲ ನಕ್ಕಿತು. ಹುಡುಗಿ ತಲೆ ಎತ್ತಲಿಲ್ಲ. ರಾತ್ರಿಯಿಡೀ ನನ್ನ ಸಿಟ್ಟು ಇಳಿಯಲಿಲ್ಲ.

ಬೇರೆ ಯಾವ ಸೀಮೆಯವರಾದರೂ ಈ ಮಾತು ಕೇಳಲಿ, ಮಲಪ್ರಭೆಯ ನೀರು ಕುಡಿದವರು ಕೇಳಬಾರದು. ಇದೇ ಹೊಳೆಯ ದಂಡೆಯಲ್ಲಿ, ಬಾದಾಮಿ ಬಳಿಯ ಖ್ಯಾಡದಲ್ಲಿ, ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಐಹೊಳೆಯಲ್ಲಿ ಚಾಲುಕ್ಯ ಅರಸ ಪುಲಿಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ 634ರ ಶಾಸನ ನೋಡಲು ಮೇಗುತಿ ಗುಡ್ಡ ಹತ್ತುವ ನಾವು, ಗುಡಿಯ ಹಿಂದೆಯೇ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳ ಕಡೆಗೆ ಕಾಲು ಹಾಕುವುದೇ ಇಲ್ಲ. ಪುಲಿಕೇಶಿಗೆ ಹೆಸರಿದೆ, ಬಿರುದಿದೆ, ಶಾಸನವಿದೆ. ಆ ಚಪ್ಪಡಿಗಳ ಕೆಳಗೆ ತಮ್ಮವರನ್ನು ಇಟ್ಟುಹೋದ ಜನ ಒಂದಕ್ಷರವನ್ನೂ ಬರೆದಿಡಲಿಲ್ಲ. ಅವರ ಪರವಾಗಿ ಮಾತನಾಡಲು ಈ ಎರಡು ಶಾಸ್ತ್ರಗಳು ಬಿಟ್ಟರೆ ಯಾರಿದ್ದಾರೆ?

ಎರಡನ್ನೂ ಕೂಡಿಸಿ ಓದಬೇಕೆಂದು ನಾನು ಹಟ ಹಿಡಿಯುವುದಕ್ಕೆ ಬಳ್ಳಾರಿ ಸೀಮೆಯ ಬೂದಿದಿಬ್ಬಗಳೇ ಕಾರಣ. ಅವು ದನಗಳ ಸಗಣಿ ಸುಟ್ಟ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಮುಂದೆ 1957ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದೇ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡವು. ಅದು ನವಶಿಲಾಯುಗದ ದನದ ದೊಡ್ಡಿಯಾಗಿತ್ತು. ಆದರೆ ಅದಕ್ಕೆ ಮತ್ತೆ ಮತ್ತೆ ಬೆಂಕಿ ಇಟ್ಟದ್ದೇಕೆ? ಉತ್ತರಕ್ಕಾಗಿ ಅವರು ಮಣ್ಣನ್ನಷ್ಟೇ ಕೆದಕದೆ, ಹಬ್ಬದ ದಿನ ದನಗಳಿಗೆ ಕಿಚ್ಚು ಹಾಯಿಸುವ ಇಂದಿನ ರೂಢಿಯನ್ನೂ ನೋಡಿದರು. ಅಗೆಯುವವನಿಗೆ ಗೊರಸು ಸಿಗುತ್ತದೆ. ದನ ಕಟ್ಟುವವರ ಬದುಕನ್ನು ಹತ್ತಿರದಿಂದ ಅರಿತವನಿಗೆ ಆ ಬೆಂಕಿಯ ಅರ್ಥ ಹೊಳೆಯುತ್ತದೆ. ಹಟ್ಟಿಯ ಸಗಣಿ ಬಾಚಿ ಬೆಳೆದ ನಮ್ಮ ಹುಡುಗಿಗಿಂತ ಈ ಓದಿಗೆ ಯೋಗ್ಯರು ಯಾರು?

ನೌಕರಿ ಕಡಿಮೆ ಎನ್ನುತ್ತಾರೆ. ಹೌದು, ಕಡಿಮೆಯೇ. ಆದರೆ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕುಳಿತ ಹುಡುಗರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಅವರನ್ನು ಯಾವ ಪಂಕ್ತಿಯಲ್ಲಿಯೂ ಯಾರೂ ಹೀಗೆ ಕೇಳುವುದಿಲ್ಲ.

ರಜೆ ಬಂದರೆ ಐಹೊಳೆಗೆ ಓಡುವ ನನ್ನನ್ನು ನೀವೆಲ್ಲ ಬಲ್ಲಿರಿ. ಇದುವರೆಗೆ ಹೇಳದ ಮಾತೊಂದಿದೆ: ಇದೇ ಪ್ರಶ್ನೆಯನ್ನು ಅಪ್ಪ ಕೇಳಿದಾಗ ಉತ್ತರ ಕೊಡಲಾಗದೆ ನಾನು ಬಿ.ಕಾಂ. ಸೇರಿದೆ. ನಿನ್ನೆಯೂ ಪಂಕ್ತಿಯಲ್ಲಿ ನನಗೆ ಬಾಯಿ ಬರಲಿಲ್ಲ. ಇಂದು ಬೆಳಿಗ್ಗೆ ಅವಳ ಕಾಕಾಗೆ ಫೋನ್ ಮಾಡಿ, ಬರುವ ರವಿವಾರ ಇಬ್ಬರೂ ನನ್ನೊಡನೆ ಮೇಗುತಿ ಗುಡ್ಡಕ್ಕೆ ಬರಬೇಕೆಂದು ಕೇಳಿಕೊಂಡಿದ್ದೇನೆ. ಬರುತ್ತೇವೆ ಎಂದಿದ್ದಾರೆ.